ಗಡಿ ದಾಟಲು ಹೊರಟ ಗೆಂಡೆ ಮೀನು

ಚಳಿ ಇನ್ನೂ ಇಳಿದಿರಲಿಲ್ಲ. ಆ ಬೆಳಗ್ಗೆ ಗ್ಯಾನಪ್ಪ ಊರ ಕೆರೆಗೆ ಗಾಳ ಹಾಕಿ ಎಳೆದ ಗೆಂಡೆ ಮೀನಿನ ಮೈಮೇಲೆ ಮೇಣ ಕರಗಿ ಬಿದ್ದಂತೆ ಬಿಳಿ ಗುಳ್ಳೆಗಳಿದ್ದವು. ಎರಡನೆಯ ಮೀನಿಗೂ ಹಾಗೆಯೇ.

“ಮೀನಿಗೆ ಅಮ್ಮ ಎದ್ದಾಳ,” ಎಂದ ಅವನು ಹೆಂಡತಿ ಹುಲಗೆಮ್ಮನಿಗೆ. “ಕೊಲ್ಲಬಾರದು. ಗಡಿ ದಾಟಿಸಿ ಬಾ.”

ಮಕ್ಕಳಿಗೆ ಸಿಡುಬಿನ ಅಮ್ಮ ಎದ್ದಾಗ ಹಿರಿಯರು ಬೇವು, ಅರಿಸಿನ ಇಟ್ಟು ದೇವಿಯನ್ನು ಊರ ಗಡಿಯಾಚೆ ಕಳಿಸಿ ಬರುತ್ತಿದ್ದರು. ಹುಲಗೆಮ್ಮನಿಗೆ ಅದು ಗೊತ್ತಿತ್ತು. ಮೀನುಗಳನ್ನು ಜೀವಂತವಾಗಿಯೇ ಕೊಡದ ನೀರಿಗೆ ಬಿಟ್ಟು, ಮೇಲೆ ಬೇವಿನ ಸೊಪ್ಪು ಮುಚ್ಚಿ, ತಲೆಯ ಮೇಲೆ ಹೊತ್ತು ನಡೆದಳು. ಗಡಿಕಲ್ಲು ದಾಟಿದರೆ ಮುಂದಿನ ಊರಿನ ಕೆರೆ. ಮಗಳು ಶ್ವೇತಾಳನ್ನು ಕೊಟ್ಟ ಊರು ಅದೇ.

ಶ್ವೇತಾ ಕೆರೆ ಏರಿಯ ಮೇಲೆ ಬಲೆ ಒಣಹಾಕುತ್ತಿದ್ದಳು. ಅವಳ ಮಹಿಳಾ ಸಂಘದವರು ಆ ಕೆರೆಗೆ ಆಗಷ್ಟೇ ಗೆಂಡೆ ಮರಿ ಬಿಟ್ಟಿದ್ದರು.

“ಏನವ್ವಾ, ನೀರು ಹೊತ್ಕೊಂಡು ಬಂದೀಯಲ್ಲ! ನಮ್ಮೂರ ನಳ ಬಂದ್ ಆಗ್ಯಾವಂತ ಯಾರು ಹೇಳಿದ್ರು?”

ಹುಲಗೆಮ್ಮ ನಗಲಿಲ್ಲ. ಕೊಡವನ್ನು ನೀರಿನಂಚಿಗೆ ಇಳಿಸಿದಳು. “ಆಕಡೆ ಸರಿ. ಅಮ್ಮನ್ನ ನೀರಿಗೆ ಬಿಡಬೇಕು.”

ಶ್ವೇತಾ ಸೊಪ್ಪು ಸರಿಸಿ ನೋಡಿದಳು. ಕೊಡದ ಬಾಯಿಗೆ ಕೈ ಅಡ್ಡ ಹಿಡಿದಳು.

“ಅವ್ವಾ, ಇದು ಮೀನಿನ ಸಿಡುಬು. ವೈರಸ್‌ನಿಂದ ಬರ್ತೈತಿ. ಮುನಿರಾಬಾದಿನ ಮೀನು ಸಾಕಣಿ ತರಬೇತ್ಯಾಗ ಫೋಟೋ ತೋರಿಸ್ಯಾರ.”

“ಔಷಧ ಹಾಕಿದ್ರಾತು.”

“ಇದಕ್ಕ ಔಷಧ ಇಲ್ಲ. ಬಿಸಿಲು ಏರಿದ್ರ ಗುಳ್ಳಿ ಉದುರ್ತಾವ, ಆದ್ರ ರೋಗ ಮೈಯಾಗ ಉಳೀತೈತಿ. ನಮಗ ಅಂಟೂದಿಲ್ಲ. ಮೀನಿಂದ ಮೀನಿಗೆ ಹಬ್ತೈತಿ. ಎಳೀ ಮರಿ ತಡ್ಕೊಳ್ಳೂದಿಲ್ಲ.”

“ನಿನಗ ಸಾಲಿ ಕಲಿಸಿದ್ದು ತಪ್ಪಾತು ನೋಡು. ದೇವೀಗೆ ವೈರಸ್ ಅಂತೀಯಲ್ಲ!”

“ದೇವೀಗೆ ಅನ್ನಲಿಲ್ಲವ್ವಾ. ಹೇಮಗುಡ್ಡದ ದುರ್ಗಮ್ಮನ ಹತ್ರ ನಾನೇ ಕರ್ಕೊಂಡು ಹೋಗ್ತೀನಿ, ಕಾಯಿ ಒಡಸೂಣು. ಒಂದು ಮಾತು ಹೇಳು. ನಿಮ್ಮೂರ ಗಡಿ ದಾಟಿದ್ದು ಯಾರ ಮನಿಗೆ ಬಂತು?”

ಹುಲಗೆಮ್ಮ ಕೆರೆಯ ಕಡೆ ನೋಡಿದಳು. ದಡದ ನೀರಿನಲ್ಲಿ ಬೆರಳುದ್ದದ ಮರಿಗಳು ಗುಂಪಾಗಿ ಸುತ್ತುತ್ತಿದ್ದವು. ಗಡಿಯಾಚೆ ಎಂದರೆ ಯಾರೂ ಇಲ್ಲದ ಜಾಗ ಎಂಬಂತೆಯೇ ಅವಳು ಕೊಡ ಹೊತ್ತು ಬಂದಿದ್ದಳು.

“ಕೊಡ ಎತ್ತು,” ಎಂದಳು ಕೊನೆಗೆ.

ಕೆರೆಯಿಂದ ದೂರ, ಬೀಳು ನೆಲದಲ್ಲಿ ಇಬ್ಬರೂ ಆಳವಾಗಿ ಗುಂಡಿ ತೋಡಿದರು. ಮೀನು, ಕೊಡದ ನೀರು, ಮೇಲೆ ಸುಣ್ಣ, ಮಣ್ಣು. ಬೇವಿನ ಸೊಪ್ಪನ್ನು ಹುಲಗೆಮ್ಮ ಮಣ್ಣಿನ ಮೇಲಿಟ್ಟು ಕೈ ಮುಗಿದಳು. ಶ್ವೇತಾ ಬೇಡವೆನ್ನಲಿಲ್ಲ.

ಮನೆಯಲ್ಲಿ ಗ್ಯಾನಪ್ಪ ಕೇಳಿದ: “ಗಡಿ ದಾಟಿಸಿದೇನು?”

“ನೀರಿಗೆ ಬಿಡ್ಲಿಲ್ಲ, ಹೂತು ಬಂದೆ. ಆಕಡೆ ನಮ್ಮ ಮಗಳು ಅದಾಳ.” ನಡೆದದ್ದನ್ನೆಲ್ಲ ಹೇಳಿದಳು.

ಗ್ಯಾನಪ್ಪ ಎದ್ದು ಗಾಳ, ಬಲೆ ತೊಳೆದು ಬಿಸಿಲಿಗೆ ಹರವಿದ. “ಶ್ವೇತಾಗ ಫೋನ್ ಹಚ್ಚು,” ಎಂದ. “ಮೀನಿನ ಇಲಾಖೆಯವರಿಗೆ ಏನಂತ ಹೇಳಬೇಕು, ಕೇಳೂಣು.”

ಕೆರೆ, ಹೊಳೆಗಳಲ್ಲಿ ಮೀನು ಹಿಡಿಯುವವರೇ, ನಿಮ್ಮ ಗಾಳಕ್ಕೂ ಇಂಥ ಮೀನು ಬೀಳಬಹುದು. ಹೆದರಬೇಡಿ. ಅದನ್ನು ಬೇರೆ ಕೆರೆಗೆ, ಕಾಲುವೆಗೆ ಬಿಡಬೇಡಿ. ಅದಿದ್ದ ನೀರನ್ನೂ ಅಲ್ಲಿ ಚೆಲ್ಲಬೇಡಿ. ನೀರಿನಿಂದ ದೂರ ಆಳವಾಗಿ ಹೂಳಿ. ಬಲೆ ಒಣಗಿಸದೆ ಇನ್ನೊಂದು ಕೆರೆಗೆ ಇಳಿಯಬೇಡಿ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ತಿಳಿಸಿ. ಆಚೆ ದಡದಲ್ಲಿಯೂ ಯಾರೋ ಮರಿ ಬಿಟ್ಟು ಕಾಯುತ್ತಿದ್ದಾರೆ.