ಅಗಸ್ತ್ಯನ ಹೆಲ್ಮೆಟ್ಟು

ನಾನು ಒಂದು ಹೆಲ್ಮೆಟ್ಟು. ಕಾರ್ಖಾನೆಯ ಬಿಸಿ ಅಚ್ಚಿನಿಂದ ಕಳಚಿ ಬಿದ್ದಾಗ ನನ್ನ ಮೈ ಕಪ್ಪಗಿತ್ತು. ಜೊತೆಗೆ ಹುಟ್ಟಿದವರೆಲ್ಲ ಸ್ಕೂಟರು, ಬೈಕುಗಳ ಪಾಲಾದರು. ನನ್ನನ್ನು ಮಾತ್ರ ದಾವಣಗೆರೆಯ ಪ್ರಫುಲ್ಲ ಬಾಹ್ಯಾಕಾಶಕ್ಕೆಂದು ಕೊಂಡಳು.

ಪ್ರಫುಲ್ಲ ನಂಬರ್ ಪ್ಲೇಟುಗಳಿಗೆ ರೇಡಿಯಂ ಸ್ಟಿಕ್ಕರ್ ಅಂಟಿಸುವ ಅಂಗಡಿಯವಳು. ‘ಏಳನೇ ಚಂದ್ರ’ ಎಂಬ ಟಿವಿ ಧಾರಾವಾಹಿ ಅವಳಿಗೆ ಪ್ರಾಣ. ಅದರ ನಾಯಕ ಕ್ಯಾಪ್ಟನ್ ಅಗಸ್ತ್ಯ ಗ್ರಹದಿಂದ ಗ್ರಹಕ್ಕೆ ಹಾರುವಾಗ ತೊಡುತ್ತಿದ್ದ ಹೆಲ್ಮೆಟ್ಟಿನಂತೆಯೇ ನನಗೆ ಬೆಳ್ಳಿ ಬಣ್ಣ ಬಳಿದಳು, ಹಣೆಗೆ ನೀಲಿ ರೇಡಿಯಂ ಪಟ್ಟಿ ಅಂಟಿಸಿದಳು. ಸಂಜೆ ಧಾರಾವಾಹಿಯ ಹೊತ್ತಿಗೆ ಅಂಗಡಿ ತುಂಬ ಅಭಿಮಾನಿಗಳು. ಅಗಸ್ತ್ಯನ ಪಾತ್ರದ ನಟ ಶಶಾಂಕ ಬೆಳ್ಳೂರ್ ತೆರೆಗೆ ಬಂದೊಡನೆ ನನ್ನನ್ನೆತ್ತಿ ಕುಣಿಸುತ್ತಿದ್ದರು. ನನಗೋ ತಲೆ ತಿರುಗುವಷ್ಟು ಸಂಭ್ರಮ!

ಒಂದು ದಿನ ಸುದ್ದಿ ಬಂತು. ಶಶಾಂಕ ಸಿನಿಮಾಕ್ಕೆ ಹೊರಟಿದ್ದ. ಇನ್ನು ಮುಂದೆ ಅಗಸ್ತ್ಯನಾಗುವವನು ಬಾಗಲಕೋಟೆ ಕಡೆಯ ನಾಟಕದ ನಟ ನಾಗೇಂದ್ರ ಕಮತಗಿ. ಅಂಗಡಿಯಲ್ಲಿ ಬೆಂಕಿ ಬಿದ್ದಂತಾಯಿತು.

“ಇವ್ನಾ ಅಗಸ್ತ್ಯ? ಕುಸ್ತಿಗೆ ಹೊಂಟಂಗೆ ಅವ್ನೆ!” ಎಂದ ಪಕ್ಕದ ಗ್ಯಾರೇಜಿನ ಇರ್ಫಾನ್.

“ಈ ಊರಿಗೆ ಬರ್ಲಿ, ಮುಖ ಮುಚ್ಕೊಂಡು ಹೋಗಂಗೆ ಮಾಡ್ತೀವಿ,” ಎಂದಳು ಪ್ರಫುಲ್ಲ.

ಅವನು ಬಂದೇ ಬಂದ, ಹೊಸ ಕಂತುಗಳ ಪ್ರಚಾರಕ್ಕೆ. ನನಗೆ ಕಪ್ಪು ಪಟ್ಟಿ ಕಟ್ಟಿ ಮೈದಾನಕ್ಕೆ ಒಯ್ದರು. ನಾಗೇಂದ್ರ ಮೈಕು ಹಿಡಿದದ್ದೇ ತಡ, “ಶಶಾಂಕ! ಶಶಾಂಕ!” ಎಂಬ ಕೂಗು ಮುಗಿಲು ಮುಟ್ಟಿತು. ಬಾಯಿ ತೆರೆಯಲೂ ಬಿಡಲಿಲ್ಲ. ಅವನು ಮೈಕು ಕೆಳಗಿಟ್ಟು, ಮೆಟ್ಟಿಲಿಳಿದು ನೇರ ಪ್ರಫುಲ್ಲಳ ಮುಂದೆ ನಿಂತ.

“ಅಕ್ಕಾರ, ಒಂದ್ಸಲ ಕೊಡ್ರಿ. ಹಾಕ್ಕೊಂಡು ನೋಡ್ತೀನಿ.”

ಅವಳು ತಬ್ಬಿಬ್ಬಾಗಿ ಕೊಟ್ಟುಬಿಟ್ಟಳು. ಅವನು ವೇದಿಕೆ ಹತ್ತಿ ನನ್ನನ್ನು ತಲೆಗೆ ಒತ್ತಿಕೊಂಡ. ಒಳಗೆ ಅವನ ಉಸಿರು ಏರಿಳಿಯುತ್ತಿತ್ತು, ಹಣೆಯ ಬೆವರು ನನ್ನ ಮೆತ್ತೆಗೆ ಇಳಿಯುತ್ತಿತ್ತು. “ಯವ್ವಾ...” ಎಂದು ಪಿಸುಗುಟ್ಟಿದ. ಅದು ಕೇಳಿಸಿದ್ದು ನನಗೊಬ್ಬನಿಗೇ.

ಆಮೇಲೆ ತೆಗೆಯಲು ಹೋದರೆ ನಾನು ಬರಲೊಲ್ಲೆ! ಅವನ ತಲೆ ಅಷ್ಟು ದೊಡ್ಡದು. ಕೂಗು ನಿಂತು ನಗೆ ಎದ್ದಿತು. ಪ್ರಫುಲ್ಲ ಓಡಿಬಂದು ನನ್ನನ್ನು ಜಗ್ಗಿದಳು. ಇರ್ಫಾನ್ ಅವನ ಸೊಂಟ ಹಿಡಿದು ಎಳೆದ.

“ಸಾವಕಾಶ್ರೀ! ಕಿವಿ ಕಿತ್ತು ಹೋಗ್ತಾವು!”

ನನ್ನ ಪಕ್ಕೆ ಚಟಾರನೆ ಬಿರಿಯಿತು. ಅವನ ಮುಖ ಕೆಂಪಗೆ ಹೊರಬಂತು. ಮೈಕು ಎತ್ತಿಕೊಂಡು ಹೇಳಿದ, “ಶಶಾಂಕ್ ಸರ್ ಜಾಗಾ ತುಂಬೂದು ತ್ರಾಸೈತಿ ಅಂತ ಗೊತ್ತಿತ್ತು. ಅವರ ತಲಿ ಇಷ್ಟ್ ಸಣ್ಣದೈತಿ ಅಂತ ಯಾರೂ ಹೇಳಿರ್ಲಿಲ್ಲ!”

ಮೈದಾನಕ್ಕೆ ಮೈದಾನವೇ ನಕ್ಕು ಚಪ್ಪಾಳೆ ತಟ್ಟಿತು.

“ನಿಮ್ ತಲೆ ಅಳತೆ ಕೊಡ್ರಿ, ಬೇರೆ ಮಾಡ್ಕೊಡ್ತೀನಿ,” ಎಂದಳು ಪ್ರಫುಲ್ಲ. ಇರ್ಫಾನ್ ಅವಳನ್ನೇ ನೋಡಿದ. “ಏನ್ ನೋಡ್ತೀಯಾ? ಬಣ್ಣ ತಗೊಂಡು ಬಾ ಹೋಗು,” ಎಂದು ಗದರಿದಳು.

ಹೊಸ ಅಗಸ್ತ್ಯನ ಮೊದಲ ಕಂತಿನ ಸಂಜೆ ಅಂಗಡಿ ಉಸಿರು ಬಿಗಿಹಿಡಿದು ಕೂತಿತ್ತು. ನಾಗೇಂದ್ರ ಉರಿಯುವ ನೌಕೆಯಿಂದ ಜಿಗಿದ. ಮೊದಲು ಶಿಳ್ಳೆ ಹೊಡೆದವನು ಇರ್ಫಾನ್!

ನಾಗೇಂದ್ರನಿಗೊಂದು ಕಳಿಸಿ, ಅದೇ ಅಳತೆಯದನ್ನು ಪ್ರಫುಲ್ಲ ಅಂಗಡಿಗೂ ಮಾಡಿಕೊಂಡಳು; ಈಗ ಅಭಿಮಾನಿಗಳು ಎತ್ತಿ ಕುಣಿಸುವುದು ಆ ಹೊಸ ದೊಡ್ಡ ಹೆಲ್ಮೆಟ್ಟನ್ನು. ಬಿರುಕು ಬಿಟ್ಟ ನಾನು ಮೇಲಿನ ಶೆಲ್ಫಿನ ಮೂಲೆಯಲ್ಲಿದ್ದೇನೆ. ಬೇಸರವಿಲ್ಲ, ಕೆಳಗಿನ ಕೇಕೆಗೆ ನನ್ನ ಮೈ ಈಗಲೂ ಝುಮ್ಮೆನ್ನುತ್ತದೆ. ಧೂಳು ಒರೆಸುವಾಗ ಪ್ರಫುಲ್ಲ ಒಮ್ಮೆ ಬಾಗಿಲ ಕಡೆ ನೋಡಿ, ನನ್ನೊಳಗೆ ಬಾಯಿಟ್ಟು ಮೆಲ್ಲಗೆ ಹೇಳುತ್ತಾಳೆ:

“ಏನೇ ಅನ್ನು, ಶಶಾಂಕನೇ ಚೆನ್ನಾಗಿದ್ದ. ಯಾರ್ ಮುಂದೂ ಹೇಳ್ಬೇಡ.”

ನಾನು ಹೇಳುವುದಿಲ್ಲ.