ಕಿಟಕಿ ಪಕ್ಕದ ಕುರ್ಚಿ

ಫ್ಲೈಯಿಂಗ್ ಕ್ಲಬ್ಬಿನ ಕ್ಯಾಂಟೀನಿನಲ್ಲಿ, ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದು ಹೊರಗಿನವರು ತಿಳಿದಂತೆ ಸಣ್ಣ ಸಂಗತಿಯಲ್ಲ. ಸಿಂಹಾಸನದ ವಿಷಯದಲ್ಲಿ ಎಷ್ಟೋ ರಾಜವಂಶಗಳಿಗೆ ಇಲ್ಲದ ಶಿಸ್ತು ಇಲ್ಲಿತ್ತು. ಮೊದಲ ಯತ್ನದಲ್ಲೇ ವಿಮಾನ ಇಳಿಸಿದವರಿಗೆ ಕುರ್ಚಿ. ಇಳಿಯಲು ಬಂದು, ಸರಿಹೋಗದೆ, ಮತ್ತೆ ಮೇಲೆದ್ದು ಇನ್ನೊಂದು ಸುತ್ತು ಹಾಕಿ ಬಂದವರಿಗೆ ಕೈತೊಳೆಯುವ ತೊಟ್ಟಿಯ ಪಕ್ಕದ ಬೆಂಚು. ಬೆಂಚಿನ ಒಂದು ಕಾಲು ಗಿಡ್ಡ. ಅಲ್ಲಿ ಕೂತವರು ಮೈಮೇಲೆ ಚಹಾ ಚೆಲ್ಲಿಕೊಳ್ಳದೆ ಎದ್ದದ್ದಿಲ್ಲ.

ಈ ಕಾನೂನು ಮಾಡಿದವರು ಹಾರಾಟ ಕಲಿಸುವ ಮೇಷ್ಟ್ರು. ತರಗತಿಯಲ್ಲಿ ಅವರು ಹೇಳುತ್ತಿದ್ದುದೇ ಬೇರೆ: "ಸಂಶಯ ಬಂತೋ, ಮತ್ತೆ ಮೇಲಕ್ಕೆ ಹೋಗಿ. ರನ್‌ವೇ ಎಲ್ಲೂ ಓಡಿಹೋಗಲ್ಲ." ಹಾಗೆ ಮೇಲಕ್ಕೆ ಹೋಗಿ ಬಂದವರನ್ನು "ಬನ್ನಿ ಬನ್ನಿ, ಊರು ನೋಡ್ಕೊಂಡು ಬಂದ್ರಾ?" ಎಂದು ಬೆಂಚಿಗೆ ಕರೆದೊಯ್ಯುತ್ತಿದ್ದವರೂ ಅವರೇ. ಈ ಎರಡು ಮಾತು ಒಂದಕ್ಕೊಂದು ಹೊಡೆದಾಡುತ್ತಿವೆ ಎಂದು ಯಾರಿಗೂ ಹೊಳೆಯಲಿಲ್ಲ. ಒಂದು ಪಾಠ, ಇನ್ನೊಂದು ತಮಾಷೆ. ಮನುಷ್ಯನಿಗೆ ನೆನಪಿರುವುದು ಎರಡನೆಯದು.

ಬೆಂಚಿನ ಕಾಯಂ ನಿವಾಸಿ ಹಲ್ಲಿನ ಡಾಕ್ಟರು. ಮೇಷ್ಟ್ರ ತಂಗಿಯ ಗಂಡ. ಇಕ್ಕಳ ಎತ್ತುವ ಮುನ್ನ ಎಡವೋ ಬಲವೋ ಎಂದು ರೋಗಿಯನ್ನೇ ಮತ್ತೆ ಮತ್ತೆ ಕೇಳುವ ಎಚ್ಚರಿಕೆಯ ಮನುಷ್ಯ.

"ಭಾವ, ಬೆಂಚಿಗೆ ನಿಮ್ಮ ಹೆಸರೇ ಕೆತ್ತಿಸಿಬಿಡೋಣ್ವಾ?" ಎನ್ನುತ್ತಿದ್ದರು ಮೇಷ್ಟ್ರು.

"ಕೆತ್ತಿಸಿ. ಹಾಗೇ ಆ ಗಿಡ್ಡ ಕಾಲಿಗೊಂದು ಕ್ಯಾಪ್ ಹಾಕಿಸಿ, ಅಳತೆ ನಾನು ತಗೊಳ್ತೀನಿ," ಎಂದು ಡಾಕ್ಟರು ನಗುತ್ತಿದ್ದರು. ನಗು ಬರಬರುತ್ತ ಸಣ್ಣದಾಗುತ್ತಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಆ ಭಾನುವಾರ ತಿರುವಿಗೆ ಬರುವ ವಿಮಾನವನ್ನು ಗಾಳಿ ಹಿಂದಿನಿಂದ ತಳ್ಳುತ್ತಿತ್ತು. ಒಬ್ಬರೇ ಹಾರುತ್ತಿದ್ದ ಡಾಕ್ಟರು ರನ್‌ವೇ ಕಡೆಗಿನ ಕೊನೆಯ ತಿರುವನ್ನು ತಡವಾಗಿ ತೆಗೆದುಕೊಂಡರು. ರನ್‌ವೇಯ ನೇರವನ್ನು ದಾಟಿ ಹೋಗಿದ್ದು ಕ್ಯಾಂಟೀನಿನ ಕಿಟಕಿಗೂ ಕಾಣಿಸಿತು. ಮಾಡಬೇಕಾದ್ದು ಒಂದೇ: ಮೇಲಕ್ಕೆ ಹೋಗುವುದು. ಕಿಟಕಿಯ ಬಳಿಯಿದ್ದ ಮೇಷ್ಟ್ರ ಕೈಯಲ್ಲಿ ವಿಮಾನದೊಂದಿಗೆ ಮಾತಾಡುವ ರೇಡಿಯೋ ಇತ್ತು.

"ಭಾವ, ಬೆಂಚು ಒರೆಸಿಟ್ಟಿದೀನಿ."

ಕ್ಯಾಂಟೀನು ನಕ್ಕಿತು. ವಿಮಾನ ಇನ್ನಷ್ಟು ವಾಲಿ, ಮೂಗೆತ್ತಿ, ರನ್‌ವೇ ಕಡೆಗೆ ಹಟದಿಂದ ತಿರುಗಿತು. ಹಾಗೆ ಬಿಗಿಯಾಗಿ ಎಳೆದರೆ ರೆಕ್ಕೆ ಗಾಳಿಯ ಆಸರೆ ಕಳೆದುಕೊಳ್ಳುತ್ತದೆ. ಎಂಜಿನ್ ಓಡುತ್ತಲೇ ಇರುತ್ತದೆ, ವಿಮಾನ ಮಾತ್ರ ಹಾರುತ್ತಿರುವುದಿಲ್ಲ. ಇದಕ್ಕೆ ಸ್ಟಾಲ್ ಎಂದು ಹೆಸರು. ಎತ್ತರವಿದ್ದರೆ ಮೂಗು ತಗ್ಗಿಸಿ ಸುಧಾರಿಸಿಕೊಳ್ಳಬಹುದು. ಇಳಿಯುವ ವಿಮಾನದ ಹತ್ತಿರ ಇರದಿರುವುದು ಅದೊಂದೇ. ತಿರುವಿನ ಒಳಬದಿಯ ರೆಕ್ಕೆ ಕುಸಿಯಿತು. ವಿಮಾನ ಬೇಲಿಯಾಚೆಯ ಹುಲ್ಲಿಗೆ ಬಿತ್ತು. ಕ್ಯಾಂಟೀನಿನಲ್ಲಿ ಒಂದಿಬ್ಬರ ನಗು ಇನ್ನೂ ಮುಗಿದಿರಲಿಲ್ಲ.

ಡಾಕ್ಟರು ಬದುಕಿದರು. ಸೊಂಟ ಮುರಿದಿತ್ತು, ಮುಂದಿನ ಹಲ್ಲುಗಳೆಲ್ಲ ಹೋಗಿದ್ದವು.

"ವಿಚಾರಣೆಯೋರು ಬಂದಿದ್ರು," ಎಂದರು ಆಸ್ಪತ್ರೆಗೆ ನೋಡಲು ಬಂದ ಮೇಷ್ಟ್ರಿಗೆ, ಊದಿದ ತುಟಿಯಲ್ಲಿ. "ಗಾಳಿ ಅಂದೆ."

"ಭಾವ, ನಾನು ಆವತ್ತು…"

"ಗಾಳೀನೂ ಇತ್ತಲ್ಲ, ಬಿಡಿ."

ಆ 'ನೂ' ಮೇಷ್ಟ್ರ ಜೊತೆ ಮನೆಗೆ ಹೋಯಿತು, ಊಟಕ್ಕೆ ಕೂತಿತು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿತು. ಆಸ್ಪತ್ರೆಗೆ ಅವರು ತರುತ್ತಿದ್ದ ಹಣ್ಣಿನ ಬುಟ್ಟಿ ದಿನದಿನಕ್ಕೆ ದೊಡ್ಡದಾಯಿತು.

"ಅಣ್ಣ, ಬಾಯಲ್ಲಿ ಹಲ್ಲಿಲ್ಲದೋರಿಗೆ ಸೇಬು ತರ್ತೀಯಲ್ಲೋ!" ಎಂದಳು ತಂಗಿ ವಾರ್ಡಿನ ಹೊರಗೆ, ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತ. ಎಷ್ಟೋ ದಿನದ ಮೇಲೆ ನಕ್ಕಿದ್ದಳು. "ನೀನು ಕಲಿಸಿದ್ದಕ್ಕೇ ಇವರ ಜೀವ ಉಳೀತು ಅಂತ ಎಲ್ಲರ ಹತ್ರಾನೂ ಹೇಳ್ತಿದೀನಿ."

ಬೈದಿದ್ದರೆ ನುಂಗಿಕೊಳ್ಳಬಹುದಿತ್ತು. ಮೇಷ್ಟ್ರು ಲೋಟ ಕೆಳಗಿಟ್ಟರು.

"ಅವರು ಮೇಲಕ್ಕೆ ಹೋಗ್ಬೇಕಿತ್ತು. ನಾನು ರೇಡಿಯೋದಲ್ಲಿ, ಬೆಂಚು ಒರೆಸಿಟ್ಟಿದೀನಿ ಅಂದೆ."

"ಯಾವ ಬೆಂಚು?"

ವಿವರಿಸಬೇಕಾಯಿತು. ಕುರ್ಚಿ, ತೊಟ್ಟಿ, ಗಿಡ್ಡ ಕಾಲು, ಊರು ನೋಡಿಕೊಂಡು ಬರುವುದು. ಕ್ಯಾಂಟೀನಿನಲ್ಲಿ ಪ್ರತಿ ಸಲವೂ ನಗು ಗಿಟ್ಟಿಸಿದ್ದ ಮಾತುಗಳು. ಇಲ್ಲಿ ಒಂದೊಂದನ್ನೂ ಪೂರ್ತಿಯಾಗಿ, ಮೊದಲಿಂದ ಕೊನೆಯವರೆಗೆ, ನಗುವಿಲ್ಲದೆ ಹೇಳಬೇಕಿತ್ತು.

"ಒಂದು ಕುರ್ಚಿಗಾ, ಅಣ್ಣ?"

"ಹೂಂ. ಕುರ್ಚಿಗೆ."

ತಂಗಿ ಬುಟ್ಟಿಯನ್ನು ಎತ್ತಿ ಅವರ ಕೈಗಿತ್ತಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೇಷ್ಟ್ರು ಅಲ್ಲಿಂದ ನೇರ ವಿಚಾರಣೆಯವರ ಬಳಿ ಹೋಗಿ ಅದನ್ನೇ ಹೇಳಿದರು. ಕಲಿಸುವ ಪರವಾನಗಿ ಹೋಯಿತು. ಡಾಕ್ಟರು ಈಗ ಕೋಲು ಹಿಡಿದು ನಡೆಯುತ್ತಾರೆ. ಕ್ಲಬ್ಬಿನಲ್ಲಿ ಬೆತ್ತದ ಕುರ್ಚಿ ಇನ್ನೊಂದು ಸುತ್ತು ಹಾಕಿ ಬಂದವರಿಗೆ ಮೀಸಲು. ತಂಗಿ ಅಣ್ಣನ ಜೊತೆ ಮಾತಾಡುವುದಿಲ್ಲ.