ಕೀಲಿರಾಯ ಹೇಳಿದ ಸುಳ್ಳು

"ಕೀಲಿರಾಯ ಸುಳ್ಳು ಹೇಳ್ತಾನಂತೆ ಮೇಡಂ! ಇನ್ನೇನು ಉಳೀತು ಹೇಳಿ?"

ಫ್ರೇಮಿನೊಳಗೆ ಗಾಜು ಕೂರಿಸುತ್ತಿದ್ದ ಅಕ್ಕನ ಹೆಬ್ಬೆರಳು ಅಲ್ಲೇ ನಿಂತಿತು. ಕನ್ನಡಕದಂಗಡಿಯಲ್ಲಿ ಎಲ್ಲರಿಗೂ ಅವಳು ಅಕ್ಕ. ಹುಟ್ಟಿನಿಂದ ಮಾತ್ರ ಒಬ್ಬನಿಗೇ ಅಕ್ಕ. ಕೌಂಟರಿನಾಚೆ ನಿಂತ ಗಿರಾಕಿ ನಲವತ್ತು ದಾಟಿದವನು, ಮೊದಲ ಸಲ ಓದುವ ಕನ್ನಡಕಕ್ಕೆ ಬಂದವನು. ಫೋನನ್ನು ಅವಳ ಮುಖದ ಹತ್ತಿರ ಹಿಡಿದ. ಗುಡ್ಡದಷ್ಟು ದೊಡ್ಡ ಆಮೆ, ಬೆನ್ನ ಮೇಲೆ ತಾಮ್ರದ ಕೀಲಿ, ಸುತ್ತ ಬೆಂಕಿಯೋ ಬೆಂಕಿ.

"ಭಾನುವಾರ ಹಲ್ಲೂ ಉಜ್ಜದೆ ಟೀವಿ ಮುಂದೆ ಕೂರ್ತಿದ್ವಿ, ಈ ಕಾರ್ಟೂನಿಗಾಗಿ. ಹರಿಶ್ಚಂದ್ರನ ತುಂಡು ನಮ್ಮ ಕೀಲಿರಾಯ! ಕೋಟಿಗಟ್ಟಲೆ ಸುರಿದು ಸಿನಿಮಾ ಮಾಡಿ, ಅವನ ಕೈಲಿ ಒಂದು ಮಗೂಗೆ ಸುಳ್ಳು ಹೇಳಿಸಿದ್ದಾರಂತೆ. ಯಾವ ಪುಣ್ಯಾತ್ಮ ಬರೆದನೋ!"

ಪುಣ್ಯಾತ್ಮ ತನ್ನ ತಮ್ಮ ಎಂದು ಅಕ್ಕ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಸ್ಥಿತಿಯೂ ಅದೇ ಆಗಿತ್ತು. ಗಾಜು ಕೂರಿಸಿ, ಒರೆಸಿ, ಕನ್ನಡಕವನ್ನು ಅವನ ಮೂಗಿನ ಮೇಲಿಟ್ಟು, "ಕಿವಿ ಹಿಂದೆ ಒತ್ತುತ್ತಾ?" ಎಂದಷ್ಟೇ ಕೇಳಿದಳು.

ಸಂಜೆ ತಮ್ಮನೇ ಫೋನ್ ಮಾಡಿದ. "ಅಕ್ಕ, ಭಾನುವಾರ ನಮ್ಮವರಿಗೆ ಅಂತ ಮೊದಲ ಆಟ ಇದೆ. ಬರಲೇಬೇಕು."

"ಸುಳ್ಳು ಹೇಳೋ ಸೀನ್ ಒಂದಿದೆಯಂತೆ?"

"ಇದೆ. ಕಂಪನಿಯವರು ತೆಗಿ ತೆಗಿ ಅಂತ ಪ್ರಾಣ ತಿಂದರು. ಅದನ್ನ ತೆಗೆದರೆ ನನ್ನ ಹೆಸರೂ ತೆಗೀರಿ ಅಂದೆ."

"ಯಾಕೋ ಅಷ್ಟು ಹಟ?"

"ಬಂದು ನೋಡು, ಗೊತ್ತಾಗುತ್ತೆ."

ಗೊತ್ತಾಗುವುದೇನು ಬಂತು? ಅವಳಿಗೆ ಗೊತ್ತೇ ಇತ್ತು.

ಆಗ ಅವಳಿಗೆ ಒಂಬತ್ತು, ತಮ್ಮನಿಗೆ ಐದು. ಅಮ್ಮ ಆಸ್ಪತ್ರೆಯಲ್ಲಿದ್ದಳು, ಇಬ್ಬರನ್ನೂ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದರು. ಒಂದು ಬೆಳಿಗ್ಗೆ ಅಪ್ಪ ಬಂದು, ಅವಳೊಬ್ಬಳನ್ನೇ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ, ಅಮ್ಮ ಇನ್ನಿಲ್ಲ ಎಂದು ಹೇಳಿದ. "ನೀನು ದೊಡ್ಡವಳು. ಅವನಿಗೆ ಈಗಲೇ ಹೇಳಬೇಡ, ನಾನೇ ಹೇಳ್ತೀನಿ" ಎಂದ. ಹಾಗೆಂದ ಅಪ್ಪನಿಗೆ ಬಾಯಿ ಬರಲು ಬೇಸಿಗೆ ರಜೆಯೆಲ್ಲ ಹಿಡಿಯಿತು.

ಅವತ್ತೇ ಸಂಜೆ ತಮ್ಮ ಕೇಳಿದ: "ಅಮ್ಮ ಯಾವಾಗ ಬರ್ತಾಳೆ?" ತನ್ನ ಬಾಯಿಂದ ಸುಳ್ಳು ಹೊರಡದೆ, ಅಕ್ಕ ಮಂಚದ ಕೆಳಗಿನಿಂದ ತಗಡಿನ ಆಟಿಕೆ ಕೀಲಿರಾಯನನ್ನು ತೆಗೆದಳು. ಅದರ ಕೀಲಿ ಎಂದೋ ಕಳೆದುಹೋಗಿತ್ತು. ಚಿಪ್ಪಿನ ತೂತಿನ ಮೇಲೆ ಹೆಬ್ಬೆರಳು ತೋರುಬೆರಳು ಇಟ್ಟು, ಬಾಯಲ್ಲೇ 'ಕರ್ರ್, ಕರ್ರ್' ಎನ್ನುತ್ತ ತಿರುಗಿಸುವುದು ತಮ್ಮನ ಕೆಲಸ. ಆಮೇಲೆ ಅಕ್ಕ ಗಂಟಲು ದಪ್ಪ ಮಾಡಿಕೊಂಡು ಅಂದಳು: "ಮರೀ, ಅಮ್ಮ ನಾಳೆ ಬರ್ತಾಳೆ." ಕೀಲಿರಾಯ ಸುಳ್ಳು ಹೇಳುವುದಿಲ್ಲವೆಂದು ಊರಿನ ಮಕ್ಕಳಿಗೆಲ್ಲ ಗೊತ್ತು. ತಮ್ಮ ತಲೆಯಾಡಿಸಿದ. ಮರುದಿನ ಮತ್ತೆ ಕೇಳಿದ. ಮತ್ತೆ ನಾಳೆ. ರಜೆ ಮುಗಿಯುವವರೆಗೂ ಸಂಜೆ ಸಂಜೆಗೂ ಅದೇ ನಾಳೆ.

ಕೊನೆಗೆ ಅಪ್ಪ ಹೇಳಿದಾಗ ತಮ್ಮ ಅಳಲಿಲ್ಲ. ಕುರ್ಚಿ ಎಳೆದು, ಮೇಲೆ ಹತ್ತಿ, ಕೀಲಿರಾಯನನ್ನು ಅಟ್ಟಕ್ಕೆ ಹಾಕಿದ. ಮತ್ತೆಂದೂ ಇಳಿಸಲಿಲ್ಲ. ಸುಳ್ಳಾಡದವನ ಬಾಯಲ್ಲಿ ಸುಳ್ಳಾಡಿಸಿದ್ದು ಯಾರೆಂದು ಅವನಿಗೆ ತಿಳಿಯಿತು ಎಂದುಕೊಂಡಳು ಅಕ್ಕ. ಆ ಮಾತನ್ನು ಇಬ್ಬರೂ ಇಂದಿನವರೆಗೆ ಎತ್ತಿಲ್ಲ. ತಮ್ಮ ಒಳ್ಳೆಯವನೇ, ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ, ಬಂದರೆ ತಟ್ಟೆ ತಾನೇ ತೊಳೆಯುತ್ತಾನೆ. ಆದರೂ ಅವನು ನಗುನಗುತ್ತ ಸುಮ್ಮನಾದಾಗಲೆಲ್ಲ ಅವಳಿಗೆ ಆ ಕುರ್ಚಿ ಎಳೆದ ಸದ್ದು ಕೇಳುತ್ತಿತ್ತು. ಈಗ ಅದನ್ನೇ ಊರಿಗೆಲ್ಲ ತೋರಿಸಲು ಹೊರಟಿದ್ದಾನೆ. ತೋರಿಸಲಿ. ಮಾಡಿದ್ದುಣ್ಣೋ ಮಹರಾಯ.

ಭಾನುವಾರ ಚಿತ್ರಮಂದಿರದಲ್ಲಿ ಅವಳು ಬಾಗಿಲ ಪಕ್ಕದ ಸೀಟು ಹಿಡಿದಳು, ಎದ್ದು ಹೋಗಬೇಕಾದರೆ ಸುಲಭವಾಗಲಿ ಎಂದು. ಕಬ್ಬಿಣದ ನಗರ, ಹಾರುವ ಯಂತ್ರಗಳು, ಉರುಳುವ ಸೇತುವೆ. ತಗಡಿನ ಬಡ ಆಮೆಗೆ ಏನೇನೆಲ್ಲ ಗತಿ ಬಂತಪ್ಪ ಎಂದುಕೊಂಡಳು. ಹಾಗಿರುವಾಗ ಗದ್ದಲವೆಲ್ಲ ನಿಂತು, ತೆರೆಯ ಮೇಲೆ ಒಂದು ಚಿಕ್ಕ ಕೋಣೆ. ಮಂಚ. ಒಬ್ಬ ಹುಡುಗಿ ಆಮೆಯ ಕಿವಿಯಲ್ಲಿ ಅಂದಳು: "ನೀನೇ ಹೇಳು. ನೀನು ಹೇಳಿದರೆ ನಂಬ್ತಾನೆ."

ಕೀಲಿರಾಯ ಪುಟ್ಟ ಹುಡುಗನ ಕಡೆ ತಿರುಗಿದ. "ಮರೀ, ಅಮ್ಮ ನಾಳೆ ಬರ್ತಾಳೆ."

ಮುಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು. ಅಕ್ಕ ಚೀಲ ಎದೆಗವಚಿಕೊಂಡು ಅರ್ಧ ಎದ್ದಳು. ತೆರೆಯ ಮೇಲಿನ ಹುಡುಗಿ ಮುಖ ತೊಳೆಯಲು ಹೊರಗೆ ಹೋದಳು. ಹುಡುಗ ಆಮೆಯ ಹತ್ತಿರ ಸರಿದ.

"ನನಗೆ ಗೊತ್ತು," ಎಂದ. "ಅಪ್ಪನ ಜೇಬಲ್ಲಿ ಅಮ್ಮನ ಕನ್ನಡಕ ಇತ್ತು. ಕನ್ನಡಕ ಇಲ್ಲದೆ ಅಮ್ಮ ಎಲ್ಲೂ ಹೋಗಲ್ಲ."

"ಗೊತ್ತಿದ್ದೂ ದಿನಾ ಯಾಕೆ ಕೇಳ್ತೀಯ?" ಎಂದ ಕೀಲಿರಾಯ.

"ನೀನು ಮಾತಾಡ್ತಿರುವಾಗ ಮಾತ್ರ ಅಕ್ಕ ಅಳಲ್ಲ. ನನಗೆ ಗೊತ್ತು ಅಂತ ಅವಳಿಗೆ ಹೇಳಬೇಡ."

ಅಕ್ಕ ಮತ್ತೆ ಕುಳಿತಳು. ಆ ಬೇಸಿಗೆಯಲ್ಲಿ ಅವಳು ಸಂಜೆಯಾದರೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು ಅಳುತ್ತಿದ್ದಳು. ಯಾರಿಗೂ ಕೇಳುವುದಿಲ್ಲವೆಂದು ನಂಬಿದ್ದಳು. ಮುಖ ತೊಳೆದು ಹೊರಗೆ ಬಂದರೆ, ತಮ್ಮ ಕೀಲಿರಾಯನನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿರುತ್ತಿದ್ದ. ಮೊದಲ ದಿನ ಬಿಟ್ಟರೆ ಅದನ್ನು ಮಂಚದ ಕೆಳಗಿಂದ ತಂದವನು ಅವನೇ. ಆಸೆಯಿಂದ ಕೇಳುತ್ತಾನೆಂದೇ ಅವಳು ಅಂದುಕೊಂಡಿದ್ದಳು. ಐದು ವರ್ಷದ ಕೂಸು, ಅಷ್ಟನ್ನು ಎಲ್ಲಿ ಬಚ್ಚಿಟ್ಟುಕೊಂಡಿತ್ತು? ಸಂಕಟವೂ ಸಮಾಧಾನವೂ ಒಟ್ಟಿಗೇ ನುಗ್ಗಿ ಬಂದವು. ಆಮೇಲೆ ತೆರೆಯ ಮೇಲೆ ಯಾರು ಗೆದ್ದರೋ ಅವಳು ನೋಡಲಿಲ್ಲ.

ಹೊರಗಿನ ಮೊಗಸಾಲೆಯಲ್ಲಿ ರಟ್ಟಿನ ದೊಡ್ಡ ಕೀಲಿರಾಯನ ಮುಂದೆ ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅದರ ಹಿಂದೆ, ಕಂಬಕ್ಕೊರಗಿ, ನರೆತ ಗಡ್ಡದ ತಮ್ಮ ಉಗುರು ಕಚ್ಚುತ್ತ ನಿಂತಿದ್ದ.

"ಹೇಗಿತ್ತಕ್ಕ?"

"ಗಲಾಟೆ ಜಾಸ್ತಿ ಕಣೋ. ಕಿವಿ ತೂತು ಬಿತ್ತು."

ಅವನು ನಕ್ಕ. ಅವಳು ನಗಲಿಲ್ಲ. "ನನಗೆ ಹೇಳಬಾರದಿತ್ತೇನೋ? ಇಷ್ಟು ವರ್ಷ?"

"ಹೇಗೆ ಹೇಳ್ಲಿ? ಹೇಳಿದ್ರೆ ನೀನು ಪಟ್ಟ ಕಷ್ಟ ಎಲ್ಲ ನೀರಲ್ಲಿ ಹೋಮ ಆಗ್ತಿತ್ತು."

"ಮತ್ತೆ ಕೀಲಿರಾಯನ್ನ ಅಟ್ಟಕ್ಕೆ ಯಾಕೆ ಹಾಕಿದೆ?"

"ಸುಳ್ಳು ಹೇಳಿ ಹೇಳಿ ಅವನಿಗೆ ಸಾಕಾಗಿತ್ತಕ್ಕ. ನಿನಗೂ."

ಅಕ್ಕ ರಟ್ಟಿನ ಕೀಲಿರಾಯನ ಕಡೆ ನೋಡಿದಳು. ತಮ್ಮ ಅವಳ ಹಿಂದಕ್ಕೆ ಬಂದ. ಬೆನ್ನ ಮೇಲೆ ಹೆಬ್ಬೆರಳು ತೋರುಬೆರಳು ಇಟ್ಟು ತಿರುಗಿಸಿದ. "ಕರ್ರ್, ಕರ್ರ್."

ಫೋಟೊಗೆ ನಿಂತಿದ್ದ ಇಬ್ಬರು ಮಕ್ಕಳು ತಿರುಗಿ ನೋಡಿದರು. ಅಕ್ಕ ಗಂಟಲು ದಪ್ಪ ಮಾಡಿಕೊಂಡಳು. ಹಳೆಯ ದನಿ ಒಡೆದೊಡೆದು ಬಂತು.

"ಮರೀ, ಅಮ್ಮ ಬರಲ್ಲ ಕಣೋ."

"ಹೂಂ," ಎಂದ ತಮ್ಮ.

ಅವಳು ಕಣ್ಣೊರೆಸಿಕೊಳ್ಳಲು ತನ್ನ ಕನ್ನಡಕ ತೆಗೆದಳು. ತಮ್ಮ ಅದನ್ನು ತೆಗೆದುಕೊಂಡು, ಅಪ್ಪನ ಹಾಗೆ ಜೇಬಿಗೆ ಹಾಕದೆ, ಅವಳು ಮತ್ತೆ ಕೇಳುವವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ.